ಬಾಗಿದ ರಾಡಿನ ಸಾಕ್ಷ್ಯ

ಈ ವಾರ ವಿಂಚಿನ ಉಕ್ಕುಹಗ್ಗವನ್ನು ಕುರಿತು ಬರೆಯುವುದಾಗಿ ಕಳೆದ ಸಂಚಿಕೆಯಲ್ಲಿ ಸೂಚಿಸಿದ್ದೆನಾದರೂ, ಮಲೆನಾಡಿನ ಮಳೆ ಹಿಂದೆಗೆಯುತ್ತಿರುವ ಈ ದಿನಗಳಲ್ಲಿ ಸಕಲೇಶಪುರ, ಮೂಡಿಗೆರೆಗಳ ತೋಟದ ಹಾದಿಗಳಿಂದ ಇಳಿದುಬರುವ ಜೀಪುಗಳ ಸ್ಟೀರಿಂಗ್ ಚಕ್ರ ನೇರ ರಸ್ತೆಯಲ್ಲಿಯೂ ಓರೆಯಾಗಿ ನಿಂತಿರುವುದನ್ನೂ, ಅದಕ್ಕೆ ಪೇಟೆಯಲ್ಲಿ ನಡೆಯುತ್ತಿರುವ ಚಿಕಿತ್ಸೆಯನ್ನೂ ಕಂಡ ಮೇಲೆ, ಆ ಹಗ್ಗವನ್ನು ಸದ್ಯಕ್ಕೆ ಸುತ್ತಿಡುವುದೇ ಯುಕ್ತವೆಂದು ತೋರಿತು.

ಚಿಕಿತ್ಸೆಯೆಂದರೆ ಇಷ್ಟೇ: ವಾಹನವನ್ನು ಕಂಪ್ಯೂಟರ್ ಅಲೈನ್‌ಮೆಂಟ್ ಯಂತ್ರದ ಮೇಲೆ ಏರಿಸುವುದು, ಪರದೆಯ ಅಂಕಿ ಹಸಿರಾಗುವವರೆಗೆ ಟೈ ರಾಡಿನ ಮರೆಯನ್ನು ತಿರುಗಿಸುವುದು, ಹಣ ತೆಗೆದುಕೊಂಡು ಕಳುಹಿಸುವುದು. ಯಂತ್ರ ಕೋನವನ್ನು ನೂಲಿಗಿಂತ ಸೂಕ್ಷ್ಮವಾಗಿ ಅಳೆಯುತ್ತದೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ನಿನ್ನೆಯವರೆಗೆ ಸರಿಯಾಗಿದ್ದ ಅಳತೆ ಇಂದು ಏಕೆ ತಪ್ಪಿತೆಂಬ ಪ್ರಶ್ನೆಯನ್ನು ಕೇಳಬೇಕಾದವನು ಮನುಷ್ಯ, ಮತ್ತು ಆ ಪ್ರಶ್ನೆ ಈಗ ಯಾರ ಬಾಯಲ್ಲಿಯೂ ಬರುತ್ತಿಲ್ಲ. ಬಾಗಿದ ರಾಡಿನ ಎರಡು ತುದಿಗಳ ಅಂತರ ಕಿರಿದಾಗಿರುತ್ತದೆ. ಮರೆ ತಿರುಗಿಸಿ ಅದನ್ನು ಉದ್ದ ಮಾಡಿದೊಡನೆ ಅಂಕಿ ಸರಿಹೋಗುತ್ತದೆ, ಬಾಗು ಹಾಗೆಯೇ ಉಳಿಯುತ್ತದೆ. ನೀಳವಾದ ಕಂಬ ಒತ್ತಡಕ್ಕೆ ಹೇಗೆ ಮಣಿಯುತ್ತದೆಂಬುದನ್ನು ಆಯ್ಲರ್ ಮಹಾಶಯನು 1744ರಲ್ಲಿಯೇ ಗಣಿತದಿಂದ ಸಾಧಿಸಿ, ಉದ್ದ ಇಮ್ಮಡಿಯಾದರೆ ತಾಳಿಕೆ ಕಾಲುಭಾಗಕ್ಕೆ ಇಳಿಯುವುದೆಂದು ತೋರಿಸಿಕೊಟ್ಟನು. ಅದು ನೇರವಾದ ಕಂಬದ ಲೆಕ್ಕ. ಒಮ್ಮೆ ಬಿಲ್ಲಿನಂತೆ ಬಾಗಿದ ರಾಡು ಅದಕ್ಕಿಂತ ಎಷ್ಟೋ ಕಡಿಮೆ ಹೊರೆಗೆ ಮತ್ತೆ ಮಡಿಯುತ್ತದೆ. ಹಸಿರು ಅಂಕಿಯನ್ನು ನಂಬಿ ಚಾರ್ಮಾಡಿ ಘಾಟಿಯನ್ನು ಇಳಿಯುವವನ ಕೈಯಲ್ಲಿರುವುದು ಅಂತಹ ರಾಡು.

ಆದುದರಿಂದ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದಕ್ಕೆ ಮುನ್ನ ಬಾಗಿರುವುದು ಯಾವುದೆಂದು ನಿಶ್ಚಯಿಸತಕ್ಕದ್ದು. ಗಟ್ಟಿ ಆಕ್ಸಲಿನ ಜಿಪ್ಸಿಯಂತಹ ವಾಹನದಲ್ಲಿ ಲಕ್ಷಣಗಳು ಸ್ಪಷ್ಟವಾಗಿ ಬೇರ್ಪಡುತ್ತವೆ. ಡ್ರ್ಯಾಗ್ ಲಿಂಕ್ ಬಾಗಿದ್ದರೆ ಮುಂದಿನ ಎರಡು ಚಕ್ರಗಳ ಪರಸ್ಪರ ಸಂಬಂಧ ಕೆಡುವುದಿಲ್ಲ, ಟೈರು ಸವೆಯುವುದಿಲ್ಲ, ಸ್ಟೀರಿಂಗ್ ಚಕ್ರ ಮಾತ್ರ ಓರೆಯಾಗುತ್ತದೆ, ಒಂದು ಕಡೆಗೆ ತಿರುವು ಕಡಿಮೆಯಾಗುತ್ತದೆ. ಇದಕ್ಕಿಂತ ಮುಖ್ಯವಾದ ಮತ್ತೊಂದು ಲಕ್ಷಣವನ್ನು ಬಹುಮಂದಿ ಗಮನಿಸುವುದಿಲ್ಲ. ಸ್ಟೀರಿಂಗ್ ಬಾಕ್ಸು ಸರಿಯಾಗಿ ತನ್ನ ಮಧ್ಯಸ್ಥಾನದಲ್ಲಿ ಅತ್ಯಂತ ಬಿಗಿಯಾಗಿರುವಂತೆ ರಚಿತವಾದದ್ದು. ಲಿಂಕು ಬಾಗಿ ಆ ಸ್ಥಾನ ತಪ್ಪಿದಾಗ, ನೇರ ರಸ್ತೆಯಲ್ಲಿ ಹಿಂದಿಲ್ಲದ ಪ್ಲೇ ತಲೆದೋರುತ್ತದೆ. ಆಗ ಅರೆಬರೆ ಬಲ್ಲವರು ಬಾಕ್ಸನ್ನು ಬಿಗಿಮಾಡುತ್ತಾರೆ. ಅದು ಮಧ್ಯಸ್ಥಾನವನ್ನು ಹಾಯುವಾಗಲೆಲ್ಲ ಕಚ್ಚಿ ಹಿಡಿಯತೊಡಗುತ್ತದೆ. ಇನ್ನು ಕೆಲವರು ಸ್ಟೀರಿಂಗ್ ಚಕ್ರವನ್ನೇ ಕಳಚಿ, ಹಲ್ಲು ಬದಲಿಸಿ ನೇರವಾಗಿ ಕೂರಿಸುತ್ತಾರೆ. ಇರುವ ಒಂದೇ ಸಾಕ್ಷಿಯ ಬಾಯಿ ಮುಚ್ಚಿಸುವ ಈ ಕಾರ್ಯವನ್ನು ನಾನು ಅಪರಾಧವೆಂದೇ ಎಣಿಸುತ್ತೇನೆ.

ಟೈ ರಾಡು ಬಾಗಿದರೆ ಕಥೆ ಬೇರೆ. ರಾಡು ಆಕ್ಸಲಿನ ಹಿಂದಿದ್ದಲ್ಲಿ ಚಕ್ರಗಳ ಮುಂಭಾಗ ಅಗಲುತ್ತದೆ, ಮುಂದಿದ್ದಲ್ಲಿ ಕೂಡುತ್ತದೆ. ಎರಡರಲ್ಲಿಯೂ ಟೈರಿನ ಅಂಚು ಗರಗಸದ ಹಲ್ಲಿನ ಹಾಗೆ ಸವೆಯುತ್ತದೆ, ಅಂಗೈಯನ್ನು ಅಡ್ಡಲಾಗಿ ಸವರಿದರೆ ಒಂದು ದಿಕ್ಕಿನಲ್ಲಿ ನಯ, ಇನ್ನೊಂದು ದಿಕ್ಕಿನಲ್ಲಿ ಒರಟು. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಬೆಲ್ ಕ್ರ್ಯಾಂಕಿನಿಂದ ಎರಡು ರಾಡುಗಳು ಬೇರೆಬೇರೆಯಾಗಿ ಹೊರಡುವುದರಿಂದ ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಬಾಗಿನ ಆಕಾರವೂ ಮಾತನಾಡುತ್ತದೆ: ಉದ್ದಕ್ಕೂ ಮೃದುವಾಗಿ ಕಮಾನಾಗಿದ್ದರೆ ಚಕ್ರ ಕೊರಕಲಿನಲ್ಲಿ ಸಿಕ್ಕಿ ರಾಡು ಒತ್ತಡಕ್ಕೆ ಮಣಿದಿದೆ, ಒಂದೇ ಕಡೆ ಮುರುಕು ಬಿದ್ದು ಬಣ್ಣ ಕೆತ್ತಿಹೋಗಿದ್ದರೆ ಬಂಡೆಯೇ ನೇರವಾಗಿ ತಾಗಿದೆ.

ಅಳೆಯುವ ವಿಧಾನ ನಿತ್ಯದ ಓದುಗರಿಗೆ ತಿಳಿದದ್ದೇ. ಮುಂಚಕ್ರಗಳನ್ನು ಎತ್ತಿ ತಿರುಗಿಸುತ್ತ ಟೈರಿನ ಮೇಲೆ ಸೀಮೆಸುಣ್ಣ ಹಚ್ಚಿ, ಮೊಳೆಯಿಂದ ಗೆರೆ ಕೊರೆದು, ಇಳಿಸಿ, ಒಂದಿಷ್ಟು ದೂರ ಮುಂದಕ್ಕೆ ಉರುಳಿಸಿದ ಬಳಿಕ, ಗುಂಬದ ಎತ್ತರದಲ್ಲಿ ಆ ಗೆರೆಗಳ ಅಂತರವನ್ನು ಮುಂದೆಯೂ ಹಿಂದೆಯೂ ಅಳೆಯುವುದು. ವಿಲ್ಲಿಸ್ ಜೀಪಿಗೆ ವಿಹಿತವಾದ ಟೋ-ಇನ್ ಇಂಚಿನ 3/64ರಿಂದ 3/32. ಅಮೆರಿಕದ ಯುದ್ಧ ಇಲಾಖೆ 1944ರಲ್ಲಿ ಹೊರತಂದ ಟಿಎಂ 9-803 ಎಂಬ ಕೈಪಿಡಿಯನ್ನು ಈ ಅಂಕಣದಲ್ಲಿ ಪದೇ ಪದೇ ಸ್ಮರಿಸುತ್ತಿರುವೆನೆಂದು ಆಕ್ಷೇಪವಿದೆ. ಆದರೂ ಹೇಳುತ್ತೇನೆ, ರಣರಂಗದಲ್ಲಿ ಅಪರಿಚಿತನ ಕೈಗೆ ಒಪ್ಪಿಸಬೇಕಾದ ವಿದ್ಯೆಯನ್ನು ಒಂದು ಮಾತೂ ಹೆಚ್ಚಿಲ್ಲದಂತೆ ಬರೆದಿಟ್ಟ ಗ್ರಂಥ ಅದು.

ರಾಡು ನಿರ್ದೋಷಿಯೆಂದಾದರೆ ಬ್ಲೇಡ್ ಸೆಟ್ಟಿನ ಸೆಂಟರ್ ಬೋಲ್ಟನ್ನು ನೋಡಿ. ಅದು ತುಂಡಾದಲ್ಲಿ ಆಕ್ಸಲು ಒಂದು ಪಕ್ಕದಲ್ಲಿ ಹಿಂದೆ ಸರಿದು, ವಾಹನ ಅತ್ತ ಎಳೆಯುತ್ತದೆ. ಎಡಬಲಗಳಲ್ಲಿ ಮುಂದಿನ ಗುಂಬದಿಂದ ಹಿಂದಿನ ಗುಂಬದವರೆಗಿನ ದೂರವನ್ನು ಹೋಲಿಸಿದರೆ ಸಾಕು. ಬಾಗಿದುದನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ನೆಟ್ಟಗೆ ಮಾಡುವ ಪಂಥದವರೊಡನೆ ನನ್ನ ವಿವಾದ ಹಳೆಯದು. ಕಾಡಿನ ನಡುವೆ ಮನೆ ಸೇರುವಷ್ಟು ದೂರಕ್ಕೆ ತಣ್ಣಗಿರುವಾಗಲೇ ಬಗ್ಗಿಸಿಕೊಂಡರೆ ನಾನು ಸುಮ್ಮನಿರಬಲ್ಲೆ. ಹದಗೊಳಿಸಿದ ಉಕ್ಕನ್ನು ಕೆಂಪಗೆ ಕಾಯಿಸಿದರೆ ಹದ ಹೋಗುತ್ತದೆ. ಅದನ್ನು ತಿರುಗಿ ರಸ್ತೆಗೆ ಬಿಡುವುದಕ್ಕೆ ನನ್ನ ಸಮ್ಮತಿ ಎಂದಿಗೂ ಇಲ್ಲ.

ಕಟ್ಟಕಡೆಯ ಪರೀಕ್ಷೆ ನನಗೆ ಪರಮಪ್ರಿಯವಾದದ್ದು. ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ತಿರುಗಬೇಕೆಂಬ ತತ್ತ್ವವನ್ನು ಮ್ಯೂನಿಕ್ಕಿನ ಗಾಡಿ ನಿರ್ಮಾಪಕ ಲಾಂಕೆನ್‌ಸ್ಪರ್ಗರ್ 1817ರಲ್ಲಿ ಕುದುರೆಗಾಡಿಗಾಗಿ ಅಳವಡಿಸಿದನು. ಮರುವರ್ಷ ಇಂಗ್ಲೆಂಡಿನಲ್ಲಿ ಅವನ ಪರವಾಗಿ ಪೇಟೆಂಟು ಪಡೆದ ರುಡಾಲ್ಫ್ ಆಕರ್‌ಮನ್ನನ ಹೆಸರೇ ಅದಕ್ಕೆ ನಿಂತುಹೋಯಿತು. ಚಕ್ರಗಳನ್ನು ಹೀಗೆ ನಡೆಸುವುದು ಸ್ಟೀರಿಂಗ್ ಆರ್ಮಿನ ಓರೆ. ಆ ಆರ್ಮು ಬಾಗಿದ್ದರೆ ನೇರ ನಿಂತ ವಾಹನದಲ್ಲಿ ಟೋ-ಇನ್ ಹೊಂದಿಸಿ ಯಂತ್ರವನ್ನೂ ಮೆಚ್ಚಿಸಬಹುದು. ಆದುದರಿಂದ ಒಂದೊಂದು ಮುಂಚಕ್ರದ ಕೆಳಗೂ ನಡುವೆ ಗ್ರೀಸ್ ಸವರಿದ ಎರಡು ತಗಡುಗಳನ್ನು ಇರಿಸಿ, ಎಡಚಕ್ರವನ್ನು ಎಡಕ್ಕೆ 20 ಡಿಗ್ರಿ ತಿರುಗಿಸಿ ಬಲಚಕ್ರದ ಕೋನವನ್ನು ಬರೆದುಕೊಳ್ಳಿ. ಅನಂತರ ಬಲಚಕ್ರವನ್ನು ಬಲಕ್ಕೆ ಅಷ್ಟೇ ತಿರುಗಿಸಿ ಎಡಚಕ್ರದ್ದನ್ನು ಬರೆದುಕೊಳ್ಳಿ. ಎರಡು ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ, ಪರದೆ ಎಷ್ಟೇ ಹಸಿರಾಗಿರಲಿ, ಚಕ್ರ ಕಳಚಿ ಎರಡು ಕಡೆಯ ಆರ್ಮುಗಳನ್ನೂ ಬಿಚ್ಚಿ ಒಂದರ ಪಕ್ಕದಲ್ಲೊಂದು ಇಟ್ಟು ನೋಡಿ.