ದೂರ ಹೆಚ್ಚು, ಹೊತ್ತು ಕಡಿಮೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ದೂರ ಸುಮಾರು 14,000 ಕಿ.ಮೀ. ಅದನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ ‘ಹದಿನೈದೂವರೆ ಗಂಟೆ, ಅಷ್ಟೇ’ ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಹುಬ್ಬಳ್ಳಿ ರಸ್ತೆಗೆ ಒಪ್ಪುವ ಈ ಲೆಕ್ಕ ಆಕಾಶದಲ್ಲಿ ಕೈಕೊಡುತ್ತದೆ.

ಮೊದಲು ದಾರಿ ನೋಡಿ. ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದರೆ ಅದು ನೇಪಾಳ, ಟಿಬೆಟ್, ಸೈಬೀರಿಯಾ, ಅಲಾಸ್ಕಾ ಹಾದು ಹೋಗುತ್ತದೆ. ಅಟ್ಲಾಂಟಿಕ್ ಸಾಗರದ ಸುಳಿವೇ ಇಲ್ಲ! ಆದರೆ ಟಿಬೆಟ್ ಮೇಲೆ ಹಾರಲು ಪೈಲಟ್‌ಗಳಿಗೆ ಮನಸ್ಸಿಲ್ಲ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕುಸಿದರೆ ವಿಮಾನವನ್ನು ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು. ಅಲ್ಲಿ ನೆಲವೇ ಅದಕ್ಕಿಂತ ಮೇಲಿದೆ. ಹಾಗಾಗಿ ದಾರ ತೋರಿಸಿದ್ದು ಒಂದು, ವಿಮಾನ ಹಾರುವುದು ಇನ್ನೊಂದು.

ಇನ್ನು ಗಾಳಿ. ನನಗೆ ನಿಜವಾದ ರುಚಿ ಇರುವುದೇ ಇಲ್ಲಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಜೆಟ್ ಸ್ಟ್ರೀಮ್ ವಿಮಾನವನ್ನು ಬೆನ್ನಿಗೆ ಕೈಯಿಟ್ಟು ತಳ್ಳುತ್ತದೆ, ಎದುರಾದರೆ ಎದೆಗೆ ಒದೆಯುತ್ತದೆ. ಜಪಾನಿನ ಹವಾಮಾನ ತಜ್ಞ ವಸಾಬುರೊ ಓಇಶಿ 1920ರ ದಶಕದಲ್ಲೇ ಬಲೂನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಜಗತ್ತಿಗೆಲ್ಲ ತಲುಪಲಿ ಎಂದು ವರದಿಯನ್ನು ಎಸ್ಪೆರಾಂಟೊದಲ್ಲಿ ಬರೆದರು. ಓದಿದವರೇ ವಿರಳ, ಪಾಪ.

2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದೂರ 1,400 ಕಿ.ಮೀ. ಹೆಚ್ಚಾಗಿ 15,300ಕ್ಕೆ ಏರಿತು. ಹಿಡಿದ ಹೊತ್ತು? ಹದಿನಾಲ್ಕೂವರೆ ಗಂಟೆ, ಮೊದಲಿಗಿಂತ ಸುಮಾರು ಎರಡು ಗಂಟೆ ಕಡಿಮೆ. ‘ಭೂಮಿ ಕೆಳಗೆ ತಿರುಗುತ್ತದಲ್ಲ, ಅದಕ್ಕೆ’ ಎಂದು ವಿವರಿಸುವವರನ್ನು ನಂಬಬೇಡಿ. ಭೂಮಿಯೊಡನೆ ಅದರ ವಾತಾವರಣವೂ ತಿರುಗುತ್ತಿರುತ್ತದೆ. ಹೊತ್ತು ಉಳಿಸಿದ್ದು ಬೆನ್ನಗಾಳಿ.

ಮರಳುವಾಗ ಬೇರೆ ಆಟ. 2021ರ ಜನವರಿ 9, ಶನಿವಾರ ರಾತ್ರಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ ಇದ್ದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂತು. ಪೆಸಿಫಿಕ್ ಕಡೆಯಿಂದ ಬಂದಿದ್ದರೆ ಗಾಳಿ ಎದುರಾಗುತ್ತಿತ್ತು. ಗ್ಲೋಬಿನ ಲೆಕ್ಕದಲ್ಲಿ ಧ್ರುವದ ದಾರಿ ನೇರ ದಾರಿಗಿಂತ 400 ಕಿ.ಮೀ. ಕೂಡ ಹೆಚ್ಚಲ್ಲ. ಸುಮಾರು 17 ಗಂಟೆ ಹಾರಿ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದಾಗ ಸೋಮವಾರ ನಸುಕಿನ ಮೂರು ದಾಟಿತ್ತು. ಗಡಿಯಾರ ಹದಿಮೂರೂವರೆ ಗಂಟೆ ಮುಂದೆ ಓಡಿದ್ದರಿಂದ ಪ್ರಯಾಣಿಕರಿಗೆ ಆ ಭಾನುವಾರ ನೆಲದ ಮೇಲೆ ಸಿಗಲೇ ಇಲ್ಲ.

ಟಿಕೆಟ್‌ನಲ್ಲಿ ಕಾಣುವ ಅವಧಿಯಲ್ಲಿ ರನ್‌ವೇವರೆಗೆ ತೆವಳುವುದು, ಸರದಿಗೆ ಕಾಯುವುದು ಎಲ್ಲ ಸೇರಿರುತ್ತದೆ. ಅದರ ಮೇಲೆ ವಿಮಾನ ಸಂಸ್ಥೆಗಳು ಒಂದಿಷ್ಟು ನಿಮಿಷ ಒಗ್ಗರಣೆ ಹಾಕಿರುತ್ತವೆ. ‘ಅರ್ಧ ಗಂಟೆ ಮುಂಚೆಯೇ ಬಂದೆವು’ ಎಂಬ ಘೋಷಣೆಗೆ ನಾನು ಚಪ್ಪಾಳೆ ತಟ್ಟುವುದಿಲ್ಲ. ಮುಂದಿನ ಸಲ ಸೀಟಿನೆದುರಿನ ಪರದೆಯಲ್ಲಿ ಸಿನಿಮಾ ಬಿಟ್ಟು ನಕಾಶೆ ಹಾಕಿ, ನೆಲದ ವೇಗದ ಅಂಕಿ ನೋಡಿ. ಜಪಾನಿನ ಪೂರ್ವಕ್ಕೆ, ಚಳಿಗಾಲದಲ್ಲಿ, ಅದು 1,100 ದಾಟುವುದುಂಟು.