ಕಾವ್ಯದ ಉದ್ಯಾನವೂ ಊರಿನ ಇರುಳೂ

ಮಹಾಕಾವ್ಯದ ಲಕ್ಷಣವನ್ನು ಹೇಳುವಲ್ಲಿ ದಂಡಿಯು ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯಗಳನ್ನೆಣಿಸಿ, ಅವುಗಳ ಬೆನ್ನಿಗೇ ಉದ್ಯಾನವನ್ನೂ ಜಲಕ್ರೀಡೆಯನ್ನೂ ಹೇಳಿರುವನು. ಇಂಥವೇ ಕನ್ನಡದಲ್ಲಿ ಅಷ್ಟಾದಶವರ್ಣನೆಗಳೆಂದು ರೂಢವಾದುವು. ಕಾವ್ಯಾದರ್ಶವನ್ನು ಬಹುಮಟ್ಟಿಗೆ ಆಧರಿಸಿದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದುದು ಮಾನ್ಯಖೇಟದ ರಾಷ್ಟ್ರಕೂಟರ ಆಶ್ರಯದಲ್ಲಿ. ಆ ಮಾನ್ಯಖೇಟವೇ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಇಂದಿನ ಮಳಖೇಡ. ಈ ವರ್ಣನೆಗಳನ್ನು ಬರಿಯ ಕಟ್ಟುಪಾಡೆಂದು ತಳ್ಳಿಹಾಕುವ ವಿಮರ್ಶೆಯು ಬಹುಕಾಲದಿಂದ ನಡೆದುಬಂದಿದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ನಗರ, ತಿಂಗಳ ಬೆಳಕು, ಉದ್ಯಾನ ಎಂಬ ಮೂರನ್ನು ಒಂದೇ ಪಂಕ್ತಿಯಲ್ಲಿ ನಿಲ್ಲಿಸಿದ ಆ ಕಟ್ಟುಪಾಡಿನಲ್ಲಿ ಒಂದು ಅನುಭವವೂ ಅಡಗಿದೆ: ಇರುಳ ತಂಪಿನಲ್ಲಿ ಕುಳಿತುಕೊಳ್ಳಲು ಹಸುರಿಲ್ಲದ ನಗರದ ಸುಖವು ಪೂರ್ಣವಾದುದಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯನ್ನು ಬಲ್ಲವರಿಗೆ ಇದು ಅಲಂಕಾರದ ಮಾತಾಗಿ ತೋರದು. ಬೇಸಗೆಯ ಬಿಸಿಲು 40 ಡಿಗ್ರಿಯನ್ನು ಮೀರುವ ಈ ನಾಡಿನಲ್ಲಿ ಗೋಡೆಯ ಕಲ್ಲುಗಳು ಹಗಲೆಲ್ಲ ಕುಡಿದ ಕಾವನ್ನು ಇರುಳಿನಲ್ಲಿ ಮೆಲ್ಲಮೆಲ್ಲನೆ ಹೊರಬಿಡುವುವು. ಸಿಮೆಂಟು ಕಾರ್ಖಾನೆಯ ಪಾಳಿ ಮುಗಿಸಿ ಬಂದವನಿಗೆ ಬಿಡುವು ದೊರೆಯುವುದು ದೀಪ ಹೊತ್ತಿದ ಮೇಲೆಯೇ. ಆ ಹೊತ್ತಿಗೆ ಬೀಗ ಬೀಳುವ ಉದ್ಯಾನವು ಅವನ ಪಾಲಿಗೆ ಇದ್ದೂ ಇಲ್ಲದಂತೆ.

ಆದರೆ ಕಾವ್ಯದ ಉದ್ಯಾನವಾದರೂ ಯಾರದು? ಅಲ್ಲಿ ಬೆಳುದಿಂಗಳಿನಲ್ಲಿ ಸುಳಿಯುವವರು ಅರಸರು, ಅರಸಿಯರು, ವಿರಹಿಗಳು. ಹೆಣ್ಣೊಬ್ಬಳು ಕತ್ತಲಲ್ಲಿ ತೋಟಕ್ಕೆ ಬಂದಳೆಂದರೆ ಅವಳು ಅಭಿಸಾರಿಕೆಯೇ ಆಗಬೇಕು. ಅಡುಗೆಮನೆಯ ಕೆಲಸ ಮುಗಿಸಿ ಗಾಳಿಗೆಂದು ಬಂದವಳಿಗೆ ನಾಯಿಕಾಭೇದದಲ್ಲಿ ಹೆಸರಿಲ್ಲ. ಈ ಕೊರತೆಯು ಕಾವ್ಯದಲ್ಲಿಯೇ ನಿಂತುದಲ್ಲ. ಇರುಳಿನ ತೋಟವೆಂದರೆ ಅನುಚಿತವೆಂಬ ಶಂಕೆಯು ಲೋಕದಲ್ಲಿಯೂ ಉಳಿದಿದೆ. ಬೀಗವು ಆ ಶಂಕೆಯ ಫಲ.

ಇದಕ್ಕೆ ಬೇರೆಯಾದ ಒಂದು ತೋಪು ಅದೇ ಮಾನ್ಯಖೇಟದ ಸಾಹಿತ್ಯದಲ್ಲಿ ದೊರೆಯುತ್ತದೆ. 959ರಲ್ಲಿ ಆರಂಭಿಸಿ 965ರಲ್ಲಿ ಮುಗಿಸಿದ ಅಪಭ್ರಂಶ ಮಹಾಪುರಾಣದ ಮೊದಲಲ್ಲಿ ಪುಷ್ಪದಂತನು ತನ್ನ ಬರವನ್ನು ತಾನೇ ಹೇಳಿಕೊಂಡಿದ್ದಾನೆ. ದೂರದಿಂದ ನಡೆದು ಬಳಲಿದ ಕವಿಯು ಪಟ್ಟಣದ ಹೊರಗಿನ ತೋಪಿನಲ್ಲಿ ದಣಿವಾರಿಸಿಕೊಳ್ಳುತ್ತಿರುವಾಗ ಇಬ್ಬರು ಬಂದು, ಒಳಗೇಕೆ ಬರಬಾರದೆಂದು ಕೇಳುವರು. ದುರ್ಜನರ ಸಿಡುಕುಮೋರೆಗಿಂತ ಕಾಡೇ ಲೇಸೆಂಬರ್ಥದ ಉತ್ತರವನ್ನು ಅವನು ಕೊಡುವನು. ಬಳಿಕ ಮಂತ್ರಿ ಭರತನ ಆದರವೂ ಮಹಾಪುರಾಣವೂ ಆ ಭೇಟಿಯಿಂದಲೇ ಒದಗಿದುವು. ಇಲ್ಲಿ ವರ್ಣನೆ ಅಲ್ಪ, ಅರ್ಥ ಹಿರಿದು. ಹಣವೂ ಪರಿಚಯವೂ ಇಲ್ಲದವನಿಗೆ ನಗರವು ಮೊದಲು ಕೊಟ್ಟ ಆಸರೆ ಮರದ ನೆರಳು. ಅಲ್ಲಿ ಅವನು ಮಾನಗೆಡದೆ ಮಾತನಾಡಬಲ್ಲವನಾದನು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಅರಮನೆಯ ವೈಭವವಳಿದರೂ ಈ ತೋಪು ಕಾವ್ಯದಲ್ಲಿ ಉಳಿದಿದೆ.

ಇರುಳೆಲ್ಲವೂ ಮನುಷ್ಯನಿಗೇ ಸಲ್ಲಬೇಕೆಂದು ಇದರ ಅಭಿಪ್ರಾಯವಲ್ಲ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಅಡವಿಯಲ್ಲಿ ಇರುಳು ಮೃಗಗಳದ್ದು. ಅಲ್ಲಿ ದೀಪವೂ ದನಿಯೂ ಅಪರಾಧ. ಊರಿನ ನಡುವಣ ತೋಟದ ನ್ಯಾಯ ಬೇರೆ. 2024ರಲ್ಲಿ ಬೆಂಗಳೂರಿನ ಮಹಾನಗರಪಾಲಿಕೆಯು ತನ್ನ ಉದ್ಯಾನಗಳನ್ನು ಬೆಳಗಿನ 5ರಿಂದ ರಾತ್ರಿ 10 ಗಂಟೆಯವರೆಗೆ ತೆರೆದಿಡಲು ಆದೇಶಿಸಿದುದು ಈ ಭೇದವನ್ನರಿತ ಕ್ರಮ. ಭಯದ ಮಾತನ್ನು ಹಗುರವಾಗಿ ಕಾಣಲಾಗದು. ಆದರೆ ಭಯಕ್ಕೆ ಮದ್ದು ದೀಪ, ಕಾವಲು, ಜನಸಂಚಾರಗಳೇ ಹೊರತು ಬೀಗವಲ್ಲ. ಬೀಗವು ಹೆದರಿಸುವವನನ್ನು ತಡೆಯುವುದಕ್ಕಿಂತ ಹೆದರುವವಳನ್ನೇ ಮನೆಯಲ್ಲಿ ನಿಲ್ಲಿಸುವುದು.

ಅಷ್ಟಾದಶವರ್ಣನೆಯನ್ನು ಪಾಠ ಹೇಳುವವರು ಉದ್ಯಾನದ ಚೆಲುವನ್ನು ವಿವರಿಸಿದ ಮೇಲೆ, ಅಲ್ಲಿ ಯಾರು ಕುಳಿತಿದ್ದಾರೆ, ಯಾರು ಇಲ್ಲ ಎಂಬುದನ್ನೂ ಕೇಳಿಸಬೇಕು. ದಂಡಿಯ ಪಟ್ಟಿಯು ನಗರಕ್ಕೆ ಉದ್ಯಾನ ಬೇಕೆಂದು ಹೇಳಿತು. ಅದು ಎಂಥವನಿಗೆ ಬೇಕೆಂಬುದನ್ನು ತಿಳಿಸಿದವನು ಮಾನ್ಯಖೇಟಕ್ಕೆ ಬಂದ ಬಡ ಕವಿ.