ತಮಿಳು ಪ್ರಹಸನದಲ್ಲಿ ವಿಜ್ಞಾನಭಾವ: ‘ಕಡವುಳ್ ವಂದಿರುಂದಾರ್’ ನಾಟಕವನ್ನು ಕುರಿತು

ಪ್ರಹಸನಗಳಲ್ಲಿ ಗೂಢವಾದ ಶಾಸ್ತ್ರಾರ್ಥವನ್ನು ಹುಡುಕುವವರಿಗೆ ಒಂದು ಅಪಾಯವುಂಟು. ತಾವೇ ಹೂತಿಟ್ಟುದನ್ನು ತಾವೇ ಅಗೆದು ತೆಗೆದು, ನಿಧಿ ದೊರೆಯಿತೆಂದು ಅವರು ಸಂತೋಷಪಟ್ಟಾರು. ಕ್ರೇಜಿ ಮೋಹನ್ (1952–2019) ಎಂಜಿನಿಯರಿಂಗ್ ಪದವೀಧರರು. ಅವರ ನಾಟಕವೊಂದರ ಹೆಸರು ‘ಅಲಾವುದ್ದೀನುಂ 100 ವಾಟ್ಸ್ ಬಲ್ಬುಂ’. ಹಣತೆಯ ಸ್ಥಾನಕ್ಕೆ ಬಲ್ಬು ಬಂದ ಮಾತ್ರಕ್ಕೆ ವಿದ್ಯುಚ್ಛಾಸ್ತ್ರ ಬಂದಂತಾಗಲಿಲ್ಲ. ಅರಬೀ ಕಥೆಯ ದೀಪಕ್ಕೂ ಅಂಗಡಿಯ ಬಲ್ಬಿಗೂ ಇರುವ ದೂರವೇ ಆ ಹೆಸರಿನ ನಗೆಗೆ ಕಾರಣ. ವಿಜ್ಞಾನವನ್ನು ಅರಸುವುದಾದರೆ ಉಪಕರಣಗಳ ಹೆಸರಿನಲ್ಲಲ್ಲ, ನಾಟಕದ ಸಂವಿಧಾನದಲ್ಲಿ ಅರಸಬೇಕು.

ಈ ದೃಷ್ಟಿಯಿಂದ ‘ಕಡವುಳ್ ವಂದಿರುಂದಾರ್’, ಎಂದರೆ ‘ದೇವರು ಬಂದಿದ್ದರು’, ವಿಚಾರಯೋಗ್ಯವಾದ ಕೃತಿ. ಕರ್ತೃವಾದ ಸುಜಾತ (ಎಸ್. ರಂಗರಾಜನ್, 1935–2008) ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿದ್ದವರು, ವಿದ್ಯುನ್ಮಾನ ಮತಯಂತ್ರದ ನಿರ್ಮಾಣದಲ್ಲಿ ಭಾಗಿಗಳು. ನಾಟಕವನ್ನು ರಂಗಕ್ಕೆ ತಂದವರು ಪೂರ್ಣಂ ವಿಶ್ವನಾಥನ್. ನಿವೃತ್ತ ಗೃಹಸ್ಥನಾದ ಶ್ರೀನಿವಾಸನ್ ಬಳಿಗೆ ಭವಿಷ್ಯತ್ಕಾಲದಿಂದ ಜೋ ಎಂಬುವನು ಬರುತ್ತಾನೆ. ಅವನು ಶ್ರೀನಿವಾಸನ್ ಒಬ್ಬನಿಗಲ್ಲದೆ ಬೇರಾರಿಗೂ ಕಾಣನು. ಶೂನ್ಯದೊಡನೆ ಮಾತನಾಡುವ ಯಜಮಾನನನ್ನು ಕಂಡು ಮನೆಯವರು ಬುದ್ಧಿಭ್ರಮಣೆಯೆಂದು ನಿಶ್ಚಯಿಸುತ್ತಾರೆ. ಮುಂದೆ ಜನರು ಆತನಲ್ಲಿಯೇ ದೈವತ್ವವನ್ನು ಕಾಣುತ್ತಾರೆ.

ಕಾಲಯಾನದ ಕಲ್ಪನೆ ವೆಲ್ಸ್ ಮಹಾಶಯನ 1895ರ ಕಾದಂಬರಿಯಿಂದ ಸುಪರಿಚಿತ. ಐನ್‌ಸ್ಟೈನನ 1905ರ ಸಿದ್ಧಾಂತದಂತೆ ವೇಗವಾಗಿ ಚಲಿಸುವ ಗಡಿಯಾರವು ನಿಧಾನವಾಗುವುದರಿಂದ ಭವಿಷ್ಯದತ್ತ ಮುಂದೆ ಸಾಗುವುದು ತತ್ತ್ವತಃ ಸಾಧ್ಯ. ಜೋ ಬಂದ ದಾರಿ ಅದಕ್ಕೆ ವಿರುದ್ಧವಾದದ್ದು, ಅದಕ್ಕೆ ಅಂತಹ ಆಧಾರವಿಲ್ಲ. ಅದೃಶ್ಯತೆಯೂ ಹಾಗೆಯೇ. ಬೆಳಕು ದೇಹವನ್ನು ತಡೆಯಿಲ್ಲದೆ ಹಾದುಹೋಗುವುದಾದರೆ ಅಕ್ಷಿಪಟದಲ್ಲಿಯೂ ನಿಲ್ಲದು, ಅದೃಶ್ಯನು ಕುರುಡನಾಗಬೇಕು. ಒಬ್ಬನಿಗೆ ಮಾತ್ರ ಕಾಣುವುದಂತೂ ದೃಗ್ವಿಜ್ಞಾನಕ್ಕೆ ನಿಲುಕದ ಸಂಗತಿ. ಇಂತಹ ಲೆಕ್ಕಾಚಾರದಿಂದ ನಾಟಕವನ್ನು ಅಳೆದವರಿಗೆ ದೊರೆಯುವುದು ದೋಷಗಳ ಪಟ್ಟಿಯಷ್ಟೆ.

ನಿಜವಾದ ವಿಜ್ಞಾನಭಾವವಿರುವುದು ಪ್ರಮಾಣದ ಪ್ರಶ್ನೆಯಲ್ಲಿ. ಒಬ್ಬನೇ ಕಂಡದ್ದನ್ನು ವಿಜ್ಞಾನ ಒಪ್ಪದು. ಮತ್ತೊಬ್ಬನು ಪರೀಕ್ಷಿಸಿ ಕಾಣಬೇಕು. ಆದುದರಿಂದ ಶ್ರೀನಿವಾಸನ್ನನ ಮಾತನ್ನು ನಂಬದ ಮನೆಯವರು ತರ್ಕದ ಪಕ್ಷದಲ್ಲಿಯೇ ಇದ್ದಾರೆ. ಹೀಗಿದ್ದೂ ನಾವು ನಗುವುದು ಅವರನ್ನು ಕಂಡು! ಏಕೆಂದರೆ ಜೋ ನಮಗೆ ಕಾಣುತ್ತಿದ್ದಾನೆ. ಎರಡನೆಯ ಸಾಕ್ಷಿ ಸಭಾಂಗಣದಲ್ಲಿ ಕುಳಿತಿದೆ; ಆದರೆ ಅದು ಬಾಯಿಬಿಡುವಂತಿಲ್ಲ. ಜೋ ರಂಗದ ಮೇಲೆ ಬಾರದಿದ್ದರೆ ಇದೇ ಮಾತುಗಳಿಗೆ ನಾವೂ ಶ್ರೀನಿವಾಸನ್ನನನ್ನೇ ಹಾಸ್ಯಮಾಡುತ್ತಿದ್ದೆವು, ಇಲ್ಲವೆ ಮರುಗುತ್ತಿದ್ದೆವು.

ಈ ತಂತ್ರ ಹೊಸದೆಂದು ಹೇಳಲಾಗದು. ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ ಸೀತೆ ರಾಮನಿಗೆ ಕಾಣಳು, ತಮಸೆಗೂ ಪ್ರೇಕ್ಷಕರಿಗೂ ಕಾಣುತ್ತಾಳೆ. ಭವಭೂತಿ ಅದನ್ನು ಕರುಣಕ್ಕೆ ಬಳಸಿಕೊಂಡನು. ಸುಜಾತ ಜ್ಞಾನದ ಪರೀಕ್ಷೆಗೆ ಬಳಸಿಕೊಂಡಿದ್ದಾರೆ. ಮನೆಯವರ ಮುಂದಿರುವ ಸಂಗತಿ ಒಂದೇ, ಮುದುಕನು ಗಾಳಿಯೊಡನೆ ಆಡುವ ಮಾತು. ಅದಕ್ಕೆ ಕೊಡುವ ವ್ಯಾಖ್ಯಾನ ಮಾತ್ರ ಹುಚ್ಚಿನಿಂದ ದೈವಕ್ಕೆ ಜಿಗಿಯುತ್ತದೆ. ಎರಡೂ ತಪ್ಪು ಎಂಬುದು ಪ್ರೇಕ್ಷಕನಿಗೆ ಮಾತ್ರ ತಿಳಿದಿದೆ. ಭಕ್ತರ ಮೌಢ್ಯವನ್ನು ಕುರಿತ ವಿಡಂಬನೆ ಎಲ್ಲ ಭಾಷೆಗಳ ಪ್ರಹಸನಕ್ಕೂ ಪರಿಚಿತವೇ. ನನ್ನ ಮಟ್ಟಿಗೆ ಅದಕ್ಕಿಂತ ಮನೆಯವರ ಸಂದೇಹದ ಭಾಗವೇ ಹೆಚ್ಚು ಬೆಲೆಯುಳ್ಳದ್ದು.

ಪುಸ್ತಕವನ್ನು ಓದುವಾಗ ಈ ಸಾಕ್ಷ್ಯವನ್ನು ಒದಗಿಸುವುದು ಮಾತಿನ ಮೊದಲು ಅಚ್ಚಾದ ‘ಜೋ’ ಎಂಬ ಹೆಸರೊಂದೇ. ರಂಗದ ಮೇಲಾದರೋ ಮೈಯುಳ್ಳ ನಟನು ಎಲ್ಲರ ನಡುವೆ ಸುಳಿದಾಡುತ್ತಾನೆ. ಮನೆಯವರ ಪಾತ್ರ ವಹಿಸಿದವರಲ್ಲಿ ಯಾರಾದರೂ ಮೈಮರೆತು ಅವನಿಗೆ ದಾರಿಬಿಟ್ಟುಕೊಟ್ಟರೆ ಸಾಕು, ನಾಟಕಕಾರನು ಕಟ್ಟಿದ ಪ್ರಮಾಣಸರಣಿಯೆಲ್ಲ ಆ ಕ್ಷಣದಲ್ಲಿಯೇ ಕುಸಿಯುತ್ತದೆ.